ಅಕ್ಕನ ಮಗನಿಗೆ ಕೊಟ್ಟ ಅಡುಗೆ ಪುಸ್ತಕ, ಎರಡು ಮಳೆಗಾಲ ಕಳೆದ ಮೇಲೆ

2024ರ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆಗೆ ಅಂತ ಅಕ್ಕ ಕುಮಟಾದಿಂದ ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗನಿಗೆ ಆಗ ಹದಿಮೂರು. ಜಾತ್ರೆಪೇಟೆಯಲ್ಲಿ ಏನು ಕೊಡಿಸಲಿ ಅಂತ ಕೇಳಿದರೆ "ಚಿಕ್ಕಿ, ನಂಗೆ ಅಡುಗೆ ಕಲಿಯೋ ಪುಸ್ತಕ ಬೇಕು" ಅಂದ. ಮೊಬೈಲಲ್ಲಿ ಸಾವಿರ ವಿಡಿಯೋ ಇವೆಯಲ್ಲೋ ಅಂದೆ. "ಹಿಟ್ಟಿನ ಕೈಲಿ ಮೊಬೈಲ್ ಮುಟ್ಟಿದ್ರೆ ಅಮ್ಮ ಬಯ್ತಾಳೆ" ಅಂದ. ಅದೂ ಹೌದು.

ನಾನು ಕೊಡಿಸಿದ್ದು ಒಂದಲ್ಲ, ಎರಡು. ಮೊದಲನೆಯದು ಸೋತಿದ್ದಕ್ಕೇ ಎರಡನೆಯದು ಬಂತು. ಹೆಸರು ಹೇಳಿ ಯಾರನ್ನೂ ದೂರುವುದಿಲ್ಲ. ಮೊದಲಿನದು ಇಂಗ್ಲಿಷಿನದು, 700 ರೂಪಾಯಿ ಮೇಲಾಗಿತ್ತು. ದಪ್ಪ ರಟ್ಟು, ಮಿರಿ ಮಿರಿ ಮಿಂಚುವ ಹಾಳೆ, ಪುಟಕ್ಕೊಂದು ಫೋಟೋ. ಹದಿಹರೆಯದವರಿಗಾಗಿ ಅಂತ ಮೇಲೇ ಅಚ್ಚು ಹಾಕಿದ್ದರು. ಹುಡುಗ ಒಂದು ವಾರ ಫೋಟೋ ನೋಡಿದ, ಅಷ್ಟೇ. ಮಾಡಲು ಹೊರಟರೆ ಪ್ರತಿ ಪುಟಕ್ಕೂ ಓವನ್ 350 ಡಿಗ್ರಿಗೆ ಕಾಯಿಸಿ ಅಂತಿದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 177 ಸೆಲ್ಸಿಯಸ್ ಅಂತ ಅವನೇ ಲೆಕ್ಕ ಹಾಕಿ ಹೇಳಿದ. ಗಣಿತಕ್ಕಾದರೂ ಉಪಯೋಗ ಆಯಿತು. ಅಕ್ಕನ ಮನೆಯಲ್ಲಿ ಓವನ್ನೇ ಇಲ್ಲ. ಹಿತ್ತಲಲ್ಲಿ ಹದಿನಾಲ್ಕು ತೆಂಗಿನಮರ ಇಟ್ಟುಕೊಂಡ ಮನೆಗೆ ಪ್ಯಾಕೆಟ್ಟಿನ ಒಣ ಕೊಬ್ಬರಿಪುಡಿ ತನ್ನಿ ಅಂತ ಬೇರೆ ಬರೆದಿತ್ತು.

ಕೊನೆಗೆ ಅವನು ಮಾಡಿದ್ದು ಅದರಲ್ಲಿದ್ದ ಒಂದೇ ಒಂದು ಸುಲಭದ ಐಟಂ, ಅನ್ನ. ಒಂದು ಕಪ್ ಅಕ್ಕಿಗೆ ಎರಡು ಕಪ್ ನೀರು, ಕುಕ್ಕರಿನಲ್ಲಿ ಮೂರು ಸೀಟಿ. ಅಕ್ಕಿ ಡಬ್ಬದಲ್ಲಿ ಇದ್ದದ್ದು ಕುಚ್ಚಲಕ್ಕಿ! ಮೇಲೆ ಕಲ್ಲಿನಂಥ ಕಾಳು, ತಳ ಸೀದು ಕರಿ. ಕುಚ್ಚಲಕ್ಕಿಗೆ ಧಾರಾಳ ನೀರು ಬೇಕು, ಹೊತ್ತೂ ಜಾಸ್ತಿ ಬೇಕು, ನಮ್ಮ ಕಡೆ ಬೇಯಿಸಿ ಗಂಜಿ ಬಸಿಯುವ ರೂಢಿ. ಪುಸ್ತಕ ಬರೆದವರಿಗೆ ಅಕ್ಕಿ ಅಂದರೆ ಒಂದೇ ತರ. ಪಾಪ, ಹುಡುಗನ ತಪ್ಪಲ್ಲ.

ಎರಡನೆಯದನ್ನು ನಾನೇ ಅಂಗಡಿಯಲ್ಲಿ ನಿಂತು, ಅನ್ನದ ಪುಟ ತೆಗೆದು ಓದಿ ತಂದೆ. ಕನ್ನಡದ್ದು, 180 ರೂಪಾಯಿ. ಫೋಟೋ ಇಲ್ಲ, ಸುಮ್ನೆ ಗೆರೆಯ ಚಿತ್ರಗಳು. ಆದರೆ ಅನ್ನಕ್ಕೆ ಎರಡೂವರೆ ಪುಟ ಕೊಟ್ಟಿದ್ದಾರೆ. ಬೆಳ್ತಿಗೆಗೆ, ಅಂದರೆ ಮಾಮೂಲಿ ಬಿಳಿ ಅಕ್ಕಿಗೆ ಎಷ್ಟು ನೀರು, ಕುಚ್ಚಲಕ್ಕಿಗೆ ಎಷ್ಟು, ಹೊಸ ಅಕ್ಕಿಗೆ ಯಾಕೆ ಸ್ವಲ್ಪ ಕಡಿಮೆ ಸಾಕು. ಕುಕ್ಕರನ್ನು ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ತುಂಬಬೇಡಿ, ನೊರೆ ಉಕ್ಕುವ ಬೇಳೆಯಾದರೆ ಅರ್ಧಕ್ಕೇ ನಿಲ್ಲಿಸಿ, ಆವಿ ತಾನಾಗಿ ಇಳಿಯುವ ತನಕ ಮುಚ್ಚಳ ಎಳೆಯಬೇಡಿ ಅಂತೆಲ್ಲ ಇದೆ. ಮಕ್ಕಳ ಕೈಗೆ ಕೊಡುವ ಪುಸ್ತಕದಲ್ಲಿ ಇದು ಇರಲೇಬೇಕು ಅಲ್ವಾ? ದುಬಾರಿ ಪುಸ್ತಕದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಏನಂದರೆ ಇದು ನಿಮಿಷ ಹೇಳುವುದಕ್ಕಿಂತ ಹದ ಹೇಳುತ್ತದೆ. ರವೆ ಐದು ನಿಮಿಷ ಹುರಿಯಿರಿ ಅನ್ನುವುದಿಲ್ಲ, ಘಮ ಬರಬೇಕು, ಸೌಟಿಗೆ ಹಗುರ ಅನ್ನಿಸಬೇಕು ಅನ್ನುತ್ತದೆ. ನಮ್ಮ ಒಲೆಯ ಉರಿ ಅವರಿಗೇನು ಗೊತ್ತು?

ಹೋದ ವರ್ಷ ಜುಲೈನಲ್ಲಿ ನಾನು ಕುಮಟಾಕ್ಕೆ ಹೋದಾಗ ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಹುಡುಗ ಬಾವಿಕಟ್ಟೆ ಹತ್ತಿರದಿಂದ ಒಂದು ಹಿಡಿ ಒಂದೆಲಗ ಕೊಯ್ದು ತಂದ, ತಂಬುಳಿ ಮಾಡುತ್ತೇನೆ ಅಂತ. ಪುಸ್ತಕ ಬಿಡಿಸಿ ಒರಳಿನ ಪಕ್ಕ ಇಟ್ಟ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು, ಆಮೇಲೆ ಎಲೆ ಹಾಕಿ ಬಾಡಿಸಿದ. ಎಲೆ ಇಳಿದು ಬಾಣಲೆಗೆ ಅಂಟುವ ಹೊತ್ತಿಗೆ ಒಲೆ ಆರಿಸಿ ಸುಮ್ಮನೆ ಕುಳಿತ. ಯಾಕೋ ಅಂದೆ. "ಬಿಸಿ ಇದ್ದಾಗ ಮಜ್ಜಿಗೆ ಹಾಕಿದ್ರೆ ಒಡೀತದೆ, ತಣೀಬೇಕು" ಅಂದ. ಹಿಂದಿನ ಸಲ ಒಡೆದಿತ್ತಂತೆ, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದಿದ್ದ. ಆಮೇಲೆ ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟ. ಉಪ್ಪು ಸ್ವಲ್ಪ ಮುಂದಾಗಿತ್ತು. ಆದರೂ ನಾನು ಎರಡು ಸಲ ಬಡಿಸಿಕೊಂಡೆ.

ಉಪ್ಪು ಮುಂದಾಗಿದ್ದಕ್ಕೆ ಅರ್ಧ ಕಾರಣ ಪುಸ್ತಕವೇ. ಎಲ್ಲ ಕಡೆ ಬರೀ ಚಮಚ ಅಂತ ಬರೆದಿದ್ದಾರೆ. ಟೀ ಚಮಚ 5 ಎಂಎಲ್, ಊಟದ ದೊಡ್ಡ ಚಮಚ 15 ಎಂಎಲ್, ಮೂರು ಪಟ್ಟು ವ್ಯತ್ಯಾಸ. ಮೆಣಸಿನಪುಡಿಯಲ್ಲಿ ಈ ತಪ್ಪಾದರೆ ಮನೆಮಂದಿಯೆಲ್ಲ ನೀರು ಕುಡಿಯಬೇಕಾಗುತ್ತದೆ. ಲೋಟದ್ದೂ ಇದೇ ಕತೆ. ಅನ್ನಕ್ಕೆ ಯಾವ ಲೋಟ ಹಿಡಿದರೂ ನಡೆಯುತ್ತದೆ, ಅಕ್ಕಿಗೂ ನೀರಿಗೂ ಅದೇ ಲೋಟ ಆದರೆ ಸಾಕು. ಆದರೆ ಕೊನೆಯ ಪುಟಗಳಲ್ಲಿ ಎರಡು ಮೊಟ್ಟೆ ಹಾಕುವ ಕುಕ್ಕರ್ ಕೇಕ್ ಒಂದಿದೆ, ಅಲ್ಲಿ ಲೋಟ ಸಣ್ಣದಾದರೆ ಮೊಟ್ಟೆಯೂ ಸಣ್ಣದಾಗುತ್ತದಾ? ಪಕ್ಕದ ಮನೆಯ ಹುಡುಗಿ ಪುಸ್ತಕ ಒಯ್ದು ಅದೇ ಕೇಕ್ ಮಾಡಿದಳು, ಅವರ ಕಾಫಿ ಲೋಟ ಸಣ್ಣದು, ಬಂದಿದ್ದು ಕೇಕೂ ಅಲ್ಲ ಆಮ್ಲೆಟ್ಟೂ ಅಲ್ಲ. ಅವಳ ಅಮ್ಮನ ದೂರು ಬೇರೆ. ಇಡೀ ಪುಸ್ತಕದಲ್ಲಿ ಒಂದು ಬಂಗಡೆ ಸಾರಿಲ್ಲವಂತೆ. ಕರಾವಳಿಯವರಿಗೆ ಇದು ಸಣ್ಣ ಕೊರತೆ ಅಲ್ಲ, ಮೀನು ತಿನ್ನುವ ಮನೆಗೆ ಕೊಡುವುದಾದರೆ ಬೇರೆ ಪುಸ್ತಕ ಹುಡುಕಿ.

ಇನ್ನು ಬಾಳಿಕೆ. ಮಿಂಚುವ ಹಾಳೆಯದು ಮೊದಲ ಮಳೆಗಾಲಕ್ಕೇ ಶೀತ ಎಳೆದು ಪುಟಕ್ಕೆ ಪುಟ ಅಂಟಿತು, ಬಿಡಿಸಿದರೆ ಫೋಟೋ ಕಿತ್ತು ಬಂತು. ಸಾಲದ್ದಕ್ಕೆ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು, ಮೇಲೆ ಲಟ್ಟಣಿಗೆ ಹೇರಿಡಬೇಕಿತ್ತು. ಕನ್ನಡದ್ದು ಸ್ಪೈರಲ್, ಕಟ್ಟೆಯ ಮೇಲೆ ಅಗಲವಾಗಿ ಬಿದ್ದುಕೊಂಡಿರುತ್ತದೆ, ಅಷ್ಟರ ಮಟ್ಟಿಗೆ ಚೆನ್ನ. ಆದರೆ ಅದು ತಂತಿಯ ಸ್ಪೈರಲ್. ಸಮುದ್ರದ ಉಪ್ಪುಗಾಳಿಗೆ ಎರಡನೇ ಮಳೆಗಾಲದಲ್ಲಿ ತುಕ್ಕು ಹಿಡಿದು ಅಂಚಿಗೆಲ್ಲ ಕೆಂಪು ಕಲೆ, ಮೊದಲ ನಾಲ್ಕು ಹಾಳೆ ಬಿಟ್ಟುಹೋಗಿವೆ. ಶಿರಸಿ ಕಡೆ ಇಷ್ಟು ಬೇಗ ಹೋಗುತ್ತಿರಲಿಲ್ಲವೇನೋ.

ಕನ್ನಡದ್ದಕ್ಕೆ ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಚಮಚಕ್ಕೂ ತಂತಿಗೂ ಸೇರಿ. ಕೊಡುವಾಗ ಜೊತೆಗೆ ಒಂದು ಸೆಟ್ ಅಳತೆ ಚಮಚ ಕೊಡಿ, ಬರೀ ಪುಸ್ತಕ ಕೊಡಬೇಡಿ. ಈಗ ಅವನ ತಂಗಿಗೂ ಇದೇ ಬೇಕಂತೆ, ಹೊಸದಲ್ಲ, ಅಣ್ಣನ ಪೆನ್ಸಿಲ್ ಗುರುತು, ಅಜ್ಜಿ ಹೇಳಿ ಬರೆಸಿದ ಅಳತೆ ಎಲ್ಲ ಇರುವ ಅದೇ ಪ್ರತಿ. ಅವನು ಕೊಡಲ್ಲ ಅಂತ ಕೂತಿದ್ದಾನೆ. ಮುಂದಿನ ವಾರ ಜೆರಾಕ್ಸ್ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಸ್ಪೈರಲ್ ಹಾಕಿಸಿಕೊಂಡು ಬರಬೇಕು.