ಕ್ವಿಬೆಕ್ ಬಾವುಟ: ಗೋಡೆಗೆ ಯಾವ್ದು ಹಾಕ್ಬೇಕು?

ರೂಮಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬಾವುಟ ಹಾಕ್ಬೇಕು ಅಂತಿದ್ರೆ ಮೊದ್ಲು ಹಳೇ ಡಿಸೈನ್‌ಗಳನ್ನೂ ಒಂದ್ಸಲ ನೋಡಿ. 1902ರಲ್ಲಿ ಎಲ್ಫೆಜ್ ಫಿಲಿಯಾತ್ರೋ ಅನ್ನೋ ಪಾದ್ರಿ ಮಾಡಿದ ಕಾರಿಯೋಂ ಬಾವುಟದಲ್ಲೂ ನೀಲಿ ಬಟ್ಟೆ, ಬಿಳಿ ಶಿಲುಬೆ, ನಾಲ್ಕು ಲಿಲಿ ಹೂ ಎಲ್ಲಾ ಇದೆ, ಆದ್ರೆ ಹೂಗಳು ನೆಟ್ಟಗಿಲ್ಲ, ನಾಲ್ಕು ಮೂಲೆಯಿಂದ ಓರೆಯಾಗಿ ಮಧ್ಯಕ್ಕೆ ಮುಖ ಮಾಡ್ಕೊಂಡಿವೆ. ಆಮೇಲೆ ಭಕ್ತರು ಅದ್ರ ನಡುವೆ ಯೇಸುವಿನ ಪವಿತ್ರ ಹೃದಯ, ಸುತ್ತ ಮೇಪಲ್ ಎಲೆ ಸೇರಿಸಿದ್ರು. ಚೆನ್ನಾಗೇನೋ ಇದೆ, ಆದ್ರೆ ದೂರದಿಂದ ನೋಡಿದ್ರೆ ಮಧ್ಯ ಏನಿದೆ ಅಂತಾನೇ ಗೊತ್ತಾಗಲ್ಲ, ಧರ್ಮದ ಗುರುತು ಬೇರೆ, ಹಾಗಾಗಿ ಎಲ್ಲರ ಬಾವುಟ ಅನ್ಸೋದು ಕಷ್ಟ.

1948ರ ಜನವರಿ 21ಕ್ಕೆ ಕ್ವಿಬೆಕ್‌ನ ಮುಖ್ಯಮಂತ್ರಿ ದ್ಯುಪ್ಲೆಸಿಯ ಸರ್ಕಾರ ಇದನ್ನೇ ಹೃದಯ ಬಿಟ್ಟು, ಹೂಗಳನ್ನ ನೆಟ್ಟಗೆ ನಿಲ್ಲಿಸಿ ಈಗಿನ ಬಾವುಟವಾಗಿ ಒಪ್ಕೊಂತು, ಅವತ್ತೇ ಕ್ವಿಬೆಕ್ ಪಾರ್ಲಿಮೆಂಟ್ ಗೋಪುರದಿಂದ ಬ್ರಿಟಿಷ್ ಬಾವುಟ ಯೂನಿಯನ್ ಜ್ಯಾಕ್ ಇಳೀತು. ಹೂ ನೆಟ್ಟಗಾಗಿದ್ದು ಸಣ್ಣ ಬದಲಾವಣೆ ಅನ್ಸುತ್ತೆ, ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅದ್ರ ಗತ್ತೇ ಬೇರೆ.

1837ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಎದ್ದ ದಂಗೆಕೋರರ ಹಸಿರು-ಬಿಳಿ-ಕೆಂಪು ಅಡ್ಡಪಟ್ಟಿ ಬಾವುಟನೂ ಇದೆ, ಹೋರಾಟದ ನೆನಪು ಬೇಕು ಅನ್ನೋರಿಗೆ ಅದು. ನನ್ನ ಕೇಳಿದ್ರೆ ಗೋಡೆಗೆ 1948ರದ್ದೇ, ಇತಿಹಾಸದ ಹುಚ್ಚಿದ್ರೆ ಕಾರಿಯೋಂ.