ಹೆಲ್ಮೆಟ್ ಇಂಟರ್‌ಕಾಮ್, ಹನ್ನೊಂದು ತಿಂಗಳಾದ ಮೇಲೆ: ಹಿಂದಿನ ಸೀಟಲ್ಲಿ ಇವರು, ಮುಂದೆ ನಾನು

ಎರಡು ಹೆಲ್ಮೆಟ್ಟಿಗೆ ಸೇರಿ ಒಂದೇ ಡಬ್ಬದಲ್ಲಿ ಬರುತ್ತಲ್ಲ, ಹೆಲ್ಮೆಟ್ ಹಾಕ್ಕೊಂಡೇ ಒಬ್ಬರ ಜೊತೆ ಒಬ್ಬರು ಮಾತಾಡೋಕೆ, ಆ ಥರದ ಜೋಡಿ ಬ್ಲೂಟೂತ್ ಇಂಟರ್‌ಕಾಮ್ ತಗೊಂಡು ಹನ್ನೊಂದು ತಿಂಗಳಾಯ್ತು. ರಿವ್ಯೂ ಬರೀಬೇಕು ಅಂತ ಮೂರ್ನಾಲ್ಕು ಸಲ ಕೂತಿದೀನಿ, ಪ್ರತಿ ಸಲ ಬ್ಯಾಟರಿ, ರೇಂಜು ಅಂತ ಶುರು ಮಾಡಿ ಎಲ್ಲೆಲ್ಲೋ ಹೋಗಿಬಿಡ್ತಿತ್ತು, ಯಾಕಂದ್ರೆ ನಾವಿದನ್ನ ತಗೊಂಡಿದ್ದು ಹಾಡು ಕೇಳೋಕಲ್ಲ, ಗ್ರೂಪ್ ರೈಡಿಗೂ ಅಲ್ಲ. ನಮ್ಮನೆಯವರಿಗೆ ಲಿಂಫೋಮಾ, ಅಂದ್ರೆ ಒಂದು ಥರದ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಮೂರು ಕೀಮೋ ಮುಗಿದ ಮೇಲೆ ತಗೊಂಡಿದ್ದು. ಕಂಪನಿ ಹೆಸರು ಬರೆಯಲ್ಲ. ಯಾವ ಕಂಪನಿದು ತಗೊಂಡ್ರೂ ಏನೇನು ನೋಡ್ಬೇಕು ಅನ್ನೋದನ್ನ ಮಾತ್ರ ಹೇಳ್ತೀನಿ, ಅದರಲ್ಲೂ ಮನೆಯಲ್ಲಿ ಹುಷಾರಿಲ್ಲದವರು ಇದ್ದು ಅವರನ್ನ ಬೈಕಲ್ಲಿ ಕರ್ಕೊಂಡು ಹೋಗೋರು ಇದ್ರೆ ಅವರಿಗಾಗಿ.

ಮದುವೆಯಾದಾಗಿಂದ ಬೈಕ್ ಓಡಿಸೋರು ಇವರು, ಹಿಂದೆ ಕೂರೋಳು ನಾನು. ಗೇರ್ ಬೈಕಿನ ಲೈಸೆನ್ಸ್ ನನ್ನ ಹತ್ರಾನೂ ಇತ್ತು, ಆದ್ರೆ ಪರ್ಸಲ್ಲಿ ಇತ್ತು ಅಷ್ಟೆ. ಇವರಿಗೆ ಕೊಟ್ಟಿದ್ದು ಆರ್-ಚಾಪ್ ಅನ್ನೋ ಕೀಮೋ, 21 ದಿನಕ್ಕೊಂದರಂತೆ ಒಟ್ಟು 6. ಅದರಲ್ಲಿ ವಿನ್‌ಕ್ರಿಸ್ಟಿನ್ ಅಂತ ಒಂದು ಔಷಧಿ ಬರುತ್ತೆ, ಅದು ನರಗಳಿಗೆ ತೊಂದರೆ ಕೊಡುತ್ತೆ ಅಂತ ಡಾಕ್ಟ್ರು ಮೊದಲೇ ಹೇಳಿದ್ರು, ಎರಡನೇದು ಆಗೋ ಹೊತ್ತಿಗೆ ಇವರಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಆಗ್ತಿರಲಿಲ್ಲ, ಬೆರಳ ತುದಿಯೆಲ್ಲ ಜೋಮು ಹಿಡಿದ ಹಾಗೆ, ಪಾದಾನೂ ಹಾಗೇ. ಒಂದು ಸಾಯಂಕಾಲ ಬೈಕ್ ಹತ್ರ ಹೋಗಿ ನಿಂತು ಕ್ಲಚ್ ಹಿಡಿಯೋದು ಬಿಡೋದು, ಹಿಡಿಯೋದು ಬಿಡೋದು ಮಾಡ್ತಾನೇ ಇದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಆಮೇಲೆ ಬಂದು "ಕ್ಲಚ್ ಎಲ್ಲಿ ಕಚ್ಚುತ್ತೆ ಅಂತಾನೇ ಗೊತ್ತಾಗ್ತಿಲ್ಲ ಕಣೇ" ಅಂದು ಕೀ ತಂದು ನನ್ನ ಕೈಗಿಟ್ರು. ಅದಕ್ಕೆ ಏನು ಹೇಳ್ಬೇಕು ಅಂತ ನನಗೆ ತೋಚಲಿಲ್ಲ.

ನಮ್ಮ ಬೈಕು ಮೀಟಿಯೋರ್ 350, ಸೂಪರ್‌ನೋವಾ ಮಾಡೆಲ್. ಮುಂದೆ ಗಾಳಿ ತಡೆಯೋ ಗಾಜು, ಹಿಂದೆ ಕೂತವರಿಗೆ ಬ್ಯಾಕ್‌ರೆಸ್ಟ್ ಎರಡೂ ಅದರಲ್ಲೇ ಬಂದಿದ್ವು. 191 ಕೆಜಿ ತೂಕ ಅಂದ್ರೆ ಹೆದರಿಕೆ ಆಗುತ್ತೆ, ಆದ್ರೆ ಸೀಟ್ ಎತ್ತರ 765 ಮಿಮೀ ಅಷ್ಟೇ ಇರೋದ್ರಿಂದ ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತೆ, ಅದಿಲ್ಲದೆ ಇದ್ದಿದ್ರೆ ನಾನು ಈ ಸಾಹಸಕ್ಕೆ ಕೈ ಹಾಕ್ತಾನೇ ಇರಲಿಲ್ಲ.

ಡಾಕ್ಟ್ರನ್ನ ಕೇಳಿದ್ವಿ, ಮುಚ್ಚಿಟ್ಟು ಮಾಡೋ ಕೆಲಸ ಅಲ್ಲ ಇದು. ಇವರು ಓಡಿಸೋದು ಬೇಡವೇ ಬೇಡ ಅಂದ್ರು. ಹಿಂದೆ ಕೂತು ಹೋಗೋದಾದ್ರೆ ಪ್ರತಿ ಕೀಮೋ ಆದ ಮೂರನೇ ವಾರದಲ್ಲಿ, ಅದೂ ರಕ್ತದ ರಿಪೋರ್ಟ್ ನೋಡಿ ಅವರು ಹೂಂ ಅಂದ ಮೇಲೆ ಮಾತ್ರ. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಮಧ್ಯೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತೆ, ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ಸಣ್ಣದಾಗಿ ಬಿದ್ರೂ ರಕ್ತ ನಿಲ್ಲೋದು ಕಷ್ಟ, ಜ್ವರ 100.4 ಡಿಗ್ರಿ ಮುಟ್ಟಿದ್ರೆ ಬೆಳಗಾಗಲಿ ಅಂತ ಕಾಯೋ ಹಾಗೇ ಇಲ್ಲ, ಸೀದಾ ಆಸ್ಪತ್ರೆ. ಹಾಗಾಗಿ ಆಸ್ಪತ್ರೆಯಿಂದ ಒಂದು ಗಂಟೆ ದಾರಿಗಿಂತ ದೂರ ಹೋಗಬಾರದು ಅಂತ ನಾವೇ ನಿಯಮ ಮಾಡ್ಕೊಂಡ್ವಿ, ಬ್ಯಾಗಲ್ಲಿ ಥರ್ಮಾಮೀಟರ್ ಇದ್ದೇ ಇರುತ್ತೆ.

ಈಗ ಇಂಟರ್‌ಕಾಮ್ ವಿಷಯ. ರೇಂಜ್ ಇಷ್ಟು ಮೀಟರ್, ಅಷ್ಟು ಕಿಲೋಮೀಟರ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಹಾಕಿರ್ತಾರೆ. ಒಂದೇ ಬೈಕಲ್ಲಿ ಹಿಂದೆ ಮುಂದೆ ಕೂತವರ ಮಧ್ಯೆ ಎರಡು ಅಡಿ ಇರುತ್ತಾ, ಅದೂ ಇಲ್ಲ. ಹಾಗಾಗಿ ಮೆಶ್ (ಹಲವು ಸೆಟ್‌ಗಳು ಬಲೆಯ ಹಾಗೆ ಒಂದಕ್ಕೊಂದು ಸೇರ್ಕೊಳ್ಳೋದು) ಇರೋದು, ಎಂಟು ಹತ್ತು ಜನ ಸೇರಬಹುದಾದ್ದು ಇವೆಲ್ಲ ನಮ್ಮಂಥವರಿಗೆ ಬೇಡ, ಸಾದಾ ಜೋಡಿ ಸೆಟ್ ಸಾಕು. ನಮಗೆ ರೇಂಜ್ ಉಪಯೋಗಕ್ಕೆ ಬಂದಿದ್ದು ಮೊದಲ ತಿಂಗಳು ಮಾತ್ರ. ಖಾಲಿ ಮೈದಾನದಲ್ಲಿ ನಾನು ಒಬ್ಬಳೇ ಬೈಕ್ ಸುತ್ತಾಡಿಸ್ತಿದ್ದೆ, ಇವರು ಒಂದು ಮೂಲೆಯಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು, ಮಾಸ್ಕ್ ಹಾಕ್ಕೊಂಡು, ಹೆಲ್ಮೆಟ್ಟನ್ನ ತೊಡೆ ಮೇಲಿಟ್ಕೊಂಡು ಮೈಕಿಗೆ ಬಗ್ಗಿ ಮಾತಾಡ್ತಿದ್ರು. "ಅರ್ಧ ಬಿಡು ಕ್ಲಚ್ಚು, ಹಾಂ, ಅಲ್ಲೇ ಹಿಡ್ಕೋ. ಚಕ್ರ ನೋಡ್ಬೇಡ, ಹೋಗೋ ಕಡೆ ನೋಡು." ಅವರ ಬೆರಳಿಗೆ ಗೊತ್ತಾಗದೇ ಇದ್ದಿದ್ದು ಅವರ ಕಿವಿಗೆ ಗೊತ್ತಾಗ್ತಿತ್ತು, ಎಂಜಿನ್ ಸದ್ದು ಕೇಳೇ ನನ್ನ ಕ್ಲಚ್ ಎಲ್ಲಿದೆ ಅಂತ ಹೇಳ್ತಿದ್ರು. ಮೂರು ಸಲ ನಿಂತಲ್ಲೇ ಬೈಕ್ ಬೀಳಿಸಿದೀನಿ. ಒಂದು ಸಲವೂ ಗದರಲಿಲ್ಲ.

ಕೂರಿಸೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಇದನ್ನ ಯಾವ ರಿವ್ಯೂನಲ್ಲೂ ನಾನು ನೋಡಿಲ್ಲ. ಕೀಮೋ ತಗೊಳ್ಳೋರ ತಲೆ ಅಳತೆ ಬದಲಾಗುತ್ತೆ. ಕೂದಲು ಪೂರ್ತಿ ಹೋಗಿ ಮೇಲ್ಗಡೆ ಹೆಲ್ಮೆಟ್ ಸಡಿಲ, ಅದೇ ಪ್ರತಿ ಸೈಕಲ್ಲಿಗೆ, ಅಂದ್ರೆ ಕೀಮೋದ 21 ದಿನದ ಸುತ್ತಿಗೆ, ಐದು ದಿನ ಸ್ಟಿರಾಯ್ಡ್ ಮಾತ್ರೆ ಇರೋದ್ರಿಂದ ಮುಖ ಊದಿ ಕೆನ್ನೆ ಕಡೆ ಬಿಗಿ. ಇದರ ಮೇಲೆ ಇಂಟರ್‌ಕಾಮ್ ಸ್ಪೀಕರ್ ಬೇರೆ ಕಿವಿ ಒತ್ತಿದ್ರೆ ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತೆ. ಕೆನ್ನೆ ಪ್ಯಾಡ್ ತೆಳು ಸೈಜಿಂದು ಹಾಕಿಸಿದ್ವಿ. ಸ್ಪೀಕರನ್ನ ಹೆಲ್ಮೆಟ್ ಒಳಗೆ ಕಿವಿಗೆ ಅಂತ ಬಿಟ್ಟಿರೋ ಗುಂಡಿಯಲ್ಲಿ, ಸರಿಯಾಗಿ ಕಿವಿ ತೂತಿನ ಎದುರಿಗೇ ಬರೋ ಹಾಗೆ ಕೂರಿಸ್ಬೇಕು, ಒಂದು ಬೆರಳಗಲ ಆಚೆ ಈಚೆ ಆದ್ರೂ ಅರ್ಧ ಸೌಂಡ್ ಹೋಯ್ತು ಅಂತ ತಿಳ್ಕೊಳ್ಳಿ, ಆಮೇಲೆ ವಾಲ್ಯೂಮ್ ಜಾಸ್ತಿ ಮಾಡಿ ಮಾಡಿ ಕಿವಿ ನೋವು. ಬೋಳು ತಲೆ ಚರ್ಮ ತುಂಬಾ ನಾಜೂಕು, ಒಳಗೆ ಹತ್ತಿ ಟೋಪಿ ಹಾಕ್ಬೇಕು, ಅದನ್ನೂ ಉಲ್ಟಾ ಹಾಕ್ಬೇಕು, ಇಲ್ಲಾಂದ್ರೆ ಹೊಲಿಗೆ ಉಜ್ಜಿ ಕೆಂಪಾಗುತ್ತೆ. ಮೈಕ್ ಮೇಲಿನ ಸ್ಪಂಜು ಬಾಯಿಗೆ ತಗಲ್ತಾ ಇರುತ್ತೆ, ಬಾಯಲ್ಲಿ ಹುಣ್ಣಿರೋರಿಗೆ ಅದು ಒಳ್ಳೇದಲ್ಲ, ನಾನು ಪ್ರತಿ ಸಲ ತೆಗೆದು ತೊಳೆದು ಒಣಗಿಸ್ತೀನಿ. ಸ್ಪಂಜು ಬಿಚ್ಚೋಕೆ ಬರುತ್ತಾ ಅಂತ ತಗೊಳ್ಳೋ ಮುಂಚೆ ನೋಡ್ಕೊಳ್ಳಿ.

ಬಟನ್ನು. ಗ್ಲೌಸ್ ಹಾಕ್ಕೊಂಡು ಒತ್ತೋಕೆ ಆಗ್ಬೇಕು ಅಂತ ಎಲ್ರೂ ಹೇಳ್ತಾರೆ, ಬೆರಳಲ್ಲಿ ಸ್ಪರ್ಶವೇ ಇಲ್ಲದವರು ಒತ್ತೋಕೆ ಆಗ್ಬೇಕು ಅಂತ ಯಾರೂ ಹೇಳಲ್ಲ. ನಮ್ಮ ಸೆಟ್ಟಲ್ಲಿ ಮೂರೂ ಬಟನ್ ಚಪ್ಪಟೆ, ಒಂದೇ ಮಟ್ಟ. ಇವರು ವಾಲ್ಯೂಮ್ ಅಂದ್ಕೊಂಡು ಒತ್ತಿ ಲೈನ್ ಕಟ್ ಮಾಡ್ತಿದ್ರು, ಕಟ್ ಆಗಿದ್ದು ಗೊತ್ತಾಗದೆ ಮಾತಾಡ್ತಾನೇ ಇರ್ತಿದ್ರು. ಕೊನೆಗೆ ನಡುವಿನ ಬಟನ್ ಮೇಲೆ ಒಂದು ಸಣ್ಣ ರಬ್ಬರ್ ತುಂಡು ಅಂಟಿಸಿದೆ. ತಿರುಗಿಸೋ ಡಯಲ್ ಇರೋ ಮಾಡೆಲ್‌ಗಳೂ ಬರ್ತವೆ, ಬೆರಳು ಬೇಡ, ಅಂಗೈಯಲ್ಲಿ ಸವರಿದ್ರೂ ತಿರುಗುತ್ತೆ. ಇನ್ನೊಂದ್ಸಲ ತಗೊಳ್ಳೋದಾದ್ರೆ ನಾನು ಅದನ್ನೇ ತಗೊಳ್ಳೋದು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು. ಈ ಸೆಟ್‌ಗಳಲ್ಲಿ ಎರಡು ಥರ ಇರುತ್ತೆ, ಮಾತಾಡಿದಾಗ ಮಾತ್ರ ಲೈನ್ ತೆರೆಯೋದು ಒಂದು, ಅದಕ್ಕೆ ವಾಕ್ಸ್ ಅಂತಾರೆ, ಮತ್ತೆ ಯಾವಾಗ್ಲೂ ತೆರೆದೇ ಇರೋದು ಇನ್ನೊಂದು. ವಾಕ್ಸಲ್ಲಿ ಬ್ಯಾಟರಿ ಉಳಿಯುತ್ತೆ, ಗಾಳಿ ಸದ್ದು ಬರಲ್ಲ, ಅದೇ ಒಳ್ಳೇದು ಅಂತ ಹೇಳೋರೇ ಜಾಸ್ತಿ. ಆದ್ರೆ ಅದರಲ್ಲಿ ಮೊದಲ ಒಂದೆರಡು ಅಕ್ಷರ ನುಂಗಿಹೋಗುತ್ತೆ, ಸಣ್ಣ ದನಿ ಇದ್ರೆ ಲೈನ್ ತೆರೆಯೋದೇ ಇಲ್ಲ, ಕೀಮೋ ಆದವರ ದನಿ ಸಣ್ಣದೇ ಇರುತ್ತೆ. ನಾನು ತೆರೆದೇ ಇಟ್ಟೆ. ಆಗ ಗೊತ್ತಾಗಿದ್ದು, ನಿಧಾನಕ್ಕೆ ಹೋಗುವಾಗ ಇವರ ಉಸಿರು ಕೇಳ್ಸುತ್ತೆ ಅಂತ.

ಐದನೇ ಸೈಕಲ್ಲಿನ ಮೂರನೇ ವಾರ, ಬೆಳಿಗ್ಗೆ, ನಲವತ್ತರ ಸ್ಪೀಡಲ್ಲಿ ಇದ್ವಿ. ಏನೋ ಹೇಳ್ತಿದ್ದೋರು ಸುಮ್ಮನಾದ್ರು. ಉಸಿರು ಉದ್ದ ಆಯ್ತು, ಒಂದು ಉಸಿರಿಗೂ ಇನ್ನೊಂದಕ್ಕೂ ಮಧ್ಯೆ ಹೊತ್ತು ಜಾಸ್ತಿ ಆಯ್ತು. ಮನೆಯಲ್ಲಿ ಎಷ್ಟು ರಾತ್ರಿ ಪಕ್ಕದಲ್ಲಿ ಎದ್ದು ಕೂತು ಆ ಉಸಿರು ಎಣಿಸಿದೀನೋ, ನನಗೆ ಗೊತ್ತಲ್ಲ, ಇದು ನಿದ್ದೆ. ಬ್ಯಾಕ್‌ರೆಸ್ಟ್ ಇದ್ರೂ ಹಿಂದೆ ಕೂತವರು ನಿದ್ದೆ ಹೋಗೋದು ಅಪಾಯ. ಬ್ರೇಕ್ ಒತ್ತಲಿಲ್ಲ, ಆಕ್ಸಿಲರೇಟರ್ ಬಿಟ್ಟು, ಗೇರ್ ಇಳಿಸ್ತಾ "ರೀ" ಅಂದೆ. ಇನ್ನೊಂದ್ಸಲ "ರೀ, ನನ್ನ ಸೊಂಟ ಹಿಡ್ಕೊಳ್ಳಿ" ಅಂದೆ. "ಹೂಂ, ಎದ್ದಿದೀನಿ" ಅಂದ್ರು, ನಿದ್ದೆಗಣ್ಣಿನ ದನಿ. ಪಕ್ಕಕ್ಕೆ ತಗೊಂಡು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಇಳಿಯೋಣ ಅಂದ್ರೆ ಅವರು ಹೆಲ್ಮೆಟ್ಟನ್ನ ನನ್ನ ಬೆನ್ನಿಗೆ ಆನಿಸಿ ಹಾಗೇ ಕೂತುಬಿಟ್ರು. ನಾನು ಎರಡೂ ಕಾಲು ಊರಿ ಬೈಕ್ ಹಿಡ್ಕೊಂಡು, ಕಿವಿಯೊಳಗೆ ಆ ಉಸಿರು ಕೇಳ್ತಾ ಇಪ್ಪತ್ತು ನಿಮಿಷ ನಿಂತಿದ್ದೆ. ವಾಕ್ಸ್ ಹಾಕಿದ್ರೆ ಅವತ್ತು ನನಗೇನೂ ಗೊತ್ತಾಗ್ತಿರಲಿಲ್ಲ. ಇದೊಂದು ಕಾರಣಕ್ಕೇ ಹೇಳ್ತೀನಿ, ಹುಷಾರಿಲ್ಲದವರನ್ನ ಕೂರಿಸ್ಕೊಂಡು ಹೋಗೋರು ಲೈನ್ ತೆರೆದೇ ಇಡಿ, ಬ್ಯಾಟರಿ ಹೋದ್ರೆ ಹೋಗಲಿ. ಅವತ್ತಿಂದ ಅರ್ಧ ಗಂಟೆಗೊಂದ್ಸಲ ಇಳಿದು ಓಡಾಡ್ತೀವಿ.

ಮಾತು ಅಂದ್ರೆ ಏನು ಮಾತಾಡ್ತಿದ್ವಿ ಅಂತ ಕೇಳ್ತೀರೇನೋ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಕೂರಿಸಿರ್ತಾರೆ, ಐದಾರು ಗಂಟೆ ಎದುರುಬದುರು ಕೂತಿರ್ತೀವಿ, ಆದ್ರೆ ಒಬ್ಬರ ಮುಖ ಒಬ್ಬರು ನೋಡ್ತಾ ನೀರು ಬೇಕಾ, ವಾಂತಿ ಬರುತ್ತಾ ಅನ್ನೋದು ಬಿಟ್ಟು ಬೇರೆ ಮಾತು ಹೊರಡ್ತಿರಲಿಲ್ಲ. ಬೈಕಲ್ಲಿ ಇಬ್ರೂ ರಸ್ತೆ ನೋಡ್ತಿರ್ತೀವಿ, ಮುಖ ಕಾಣ್ಸಲ್ಲ, ದನಿ ಮಾತ್ರ ಕಿವಿಯೊಳಗೇ ಇರುತ್ತೆ. "ನನಗೆ ಭಯ ಆಗ್ತಿದೆ ಕಣೇ" ಅಂತ ಇವರು ಮೊದಲನೇ ಸಲ ಅಂದಿದ್ದು ಹಾಗೆ ಹೋಗುವಾಗ. "ನನಗೂ ಆಗ್ತಿದೆ ರೀ" ಅಂದೆ ನಾನೂ. ಅಲ್ಲಿವರೆಗೆ ಇಬ್ರೂ ಒಬ್ಬರಿಗೊಬ್ಬರು ಧೈರ್ಯ ಹೇಳಿದ್ದೇ ಹೇಳಿದ್ದು. ಸ್ವಲ್ಪ ದೂರ ಆದ್ಮೇಲೆ "ಮೂರನೇ ಗೇರ್ ಹಾಕು, ಎಂಜಿನ್ ಎಳೀತಿದೆ" ಅಂದ್ರು, ಹಾಕಿದೆ.

ತೊಂದರೆಗಳೂ ಇವೆ. ಬ್ಯಾಟರಿ ಹತ್ತು ಗಂಟೆ ಅಂತ ಬರೆದಿದ್ರು, ತೆರೆದ ಲೈನಲ್ಲಿ ಏಳು ಬಂದ್ರೆ ಹೆಚ್ಚು, ನಮ್ಮ ಎರಡು ಗಂಟೆ ಓಡಾಟಕ್ಕೆ ಧಾರಾಳ ಆಯ್ತು ಬಿಡಿ. ಬ್ಯಾಟರಿ ಇಳಿದಾಗ ಎಚ್ಚರಿಸೋ ದನಿ ಮಾತ್ರ ನಾವು ಇಟ್ಟ ವಾಲ್ಯೂಮಿಗಿಂತ ಎರಡು ಪಟ್ಟು ಜೋರು, ಇವರು ಬೆಚ್ಚಿಬೀಳ್ತಿದ್ರು, ಅದನ್ನ ಕಮ್ಮಿ ಮಾಡೋ ದಾರಿಯೇ ಇಲ್ಲ. ಎಂಬತ್ತು ದಾಟಿದ್ರೆ ಗಾಳಿ ಸದ್ದಲ್ಲಿ ಮಾತು ಒಡೆಯುತ್ತೆ. ಹೆಲ್ಮೆಟ್ಟಿಗೆ ಅಂಟಿಸೋ ಪಟ್ಟಿ ಬಿಸಿಲಿಗೆ ಎದ್ದು ಬಂತು, ಕ್ಲಾಂಪ್ ಹಾಕಿದ ಮೇಲೆ ಗಟ್ಟಿ ನಿಂತಿದೆ, ಮೊದಲೇ ಅದನ್ನೇ ಹಾಕಿ. ದೊಡ್ಡ ಬೇಜಾರು ಏನಂದ್ರೆ ಒಂದು ಅಪ್‌ಡೇಟ್ ಮಾಡಿದ್ದಕ್ಕೆ ಎರಡೂ ಒಂದನ್ನೊಂದು ಗುರುತೇ ಹಿಡಿಯದ ಹಾಗಾಗಿ, ಸರ್ವಿಸಿಗೆ ಫೋನ್ ಮಾಡಿದ್ರೆ ನಾಳೆ ಹೇಳ್ತೀವಿ ನಾಡಿದ್ದು ಹೇಳ್ತೀವಿ ಅಂತ ಹದಿನೆಂಟು ದಿನ ತಳ್ಳಿದ್ರು. ಬೇರೆಯವರಿಗೆ ಹದಿನೆಂಟು ದಿನ ಏನಲ್ಲ. ನಮಗೆ 21 ದಿನಕ್ಕೆ ಒಂದು ವಾರ ಸಿಗೋದು, ಆ ಸಲದ ವಾರ ಹೋಯ್ತು. ಅದನ್ನ ಅವರಿಗೆ ಹೇಳಿದೆ ಕೂಡ, ಆ ಕಡೆಯಿಂದ ಉತ್ತರ ಬರಲಿಲ್ಲ. ಆ ವಾರ ಇಂಟರ್‌ಕಾಮ್ ಇಲ್ಲದೇ ಒಂದ್ಸಲ ಹೋಗಿದ್ವಿ, ಭುಜಕ್ಕೆ ಒಂದು ತಟ್ಟಿದ್ರೆ ನಿಧಾನ, ಎರಡು ತಟ್ಟಿದ್ರೆ ನಿಲ್ಲಿಸು ಅಂತ ಮಾತಾಡ್ಕೊಂಡು. ಹತ್ತು ನಿಮಿಷಕ್ಕೇ ವಾಪಸ್ ಬಂದೆ, ಉಸಿರು ಕೇಳದೆ ನನಗೆ ಓಡಿಸೋಕೆ ಆಗ್ಲಿಲ್ಲ.

ಆರೂ ಕೀಮೋ ಮುಗಿದಿದೆ. ಕೊನೆಯ ಪೆಟ್ ಸ್ಕ್ಯಾನಲ್ಲಿ ಕ್ಯಾನ್ಸರ್ ಏನೂ ಕಾಣ್ತಿಲ್ಲ ಅಂದಿದಾರೆ, ಚೆಕಪ್ ನಡೀತಾ ಇರುತ್ತೆ. ಕೂದಲು ಬಂದಿದೆ, ಹಳೇ ಕೆನ್ನೆ ಪ್ಯಾಡ್ ವಾಪಸ್ ಹಾಕಿದ್ವಿ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ, ಇದು ತಿಂಗಳುಗಟ್ಟಲೆ ತಗೊಳ್ಳುತ್ತೆ ಅಂದಿದ್ರು, ಹಾಗೇ ಆಗ್ತಿದೆ, ಆದ್ರೆ ಹೋದ ಭಾನುವಾರ ಹೊರಡೋ ಮುಂಚೆ ಹೆಲ್ಮೆಟ್ ಸವರ್ತಾ "ಇಲ್ಲೇನೋ ಒರಟಾಗಿದೆಯಲ್ಲೇ, ಏನಿದು?" ಅಂತ ಕೇಳಿದ್ರು. ಅದು ನಾನು ಬಟನ್ ಮೇಲೆ ಅಂಟಿಸಿದ್ದ ರಬ್ಬರ್ ತುಂಡು. ಎಂಟು ತಿಂಗಳಿಂದ ಅಲ್ಲೇ ಇತ್ತು.