ಬಳ್ಳಾರಿಯಲ್ಲಿ ಬಾಡಿಗೆ ಬ್ರೇಕರ್: ಚಿಸೆಲ್ ಅಲ್ಲಾಡಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ

ಬೈಪಾಸ್ ಕಡೆಯ ಯಾರ್ಡ್‌ಗಳಿಗೆ ಫೋನ್ ಮಾಡಿ "ಬ್ರೇಕರ್ ಕಳಿಸಿ" ಅಂದರೆ ಸಾಲದು. ಕೈಯಲ್ಲಿ ಹಿಡಿಯುವ ಕರೆಂಟಿನ ಹ್ಯಾಮರೂ ಬ್ರೇಕರೇ, ಬಕೆಟ್ ಕಳಚಿ ಜೆಸಿಬಿ ತೋಳಿಗೆ ಕೂಡಿಸುವ ಹೈಡ್ರಾಲಿಕ್ ಹತ್ಯಾರವೂ ಬ್ರೇಕರೇ. ಯಾವುದು ಬೇಕೆಂದು ಬಿಡಿಸಿ ಹೇಳಿ. ಇಲ್ಲಿ ಬರೆದಿರುವುದು ನಾವು ಬಾಡಿಗೆಗೆ ತರಿಸಿದ ಜೆಸಿಬಿ ಬ್ರೇಕರ್ ಸರ್ವಿಸ್ ಬಗ್ಗೆ.

ಆರ್‌ಸಿಸಿ ಸ್ಲ್ಯಾಬ್, ಕಾಲಮ್, ಫುಟಿಂಗ್‌ಗೆ ಇದಕ್ಕೆ ಸಾಟಿ ಇಲ್ಲ. ಆದರೆ ಕೋಟೆ ಸುತ್ತಿನ ಹಳೇ ಮನೆಗಳಂಥ ಮಣ್ಣುಗಾರೆಯ ಕಲ್ಲುಗೋಡೆಗೆ ಬ್ರೇಕರ್ ತರಿಸುವುದು ದುಡ್ಡು ದಂಡ. ಅದನ್ನು ಬಕೆಟ್ಟಿನಲ್ಲೇ ಎಳೆದು ಬೀಳಿಸಬಹುದು.

ಕೆಲಸ ಕೆಡುವುದು ಚಿಸೆಲ್, ಅಂದರೆ ಬ್ರೇಕರ್ ತುದಿಯ ಉಕ್ಕಿನ ಉಳಿಯ ಕಡೆಯಿಂದ. ಮಷೀನ್ ಆಫ್ ಮಾಡಿಸಿ ಚಿಸೆಲ್ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಒಳಗೆ ಅದನ್ನು ಹಿಡಿದಿರುವ ಬಳೆ, ಅಂದರೆ ಬುಶ್, ಸವೆದಿದೆ. ಆಗ ಚಿಸೆಲ್ಲನ್ನು ಬಡಿಯುವ ಪಿಸ್ಟನ್ ಏಟು ಓರೆಯಾಗಿ ಬಿದ್ದು ಚಿಸೆಲ್ ತಲೆ ಚಕ್ಕೆ ಏಳುತ್ತದೆ, ಬಡಿತ ಜೋರಿದ್ದರೂ ಕಾಂಕ್ರೀಟ್ ಬಿರಿಯುವುದಿಲ್ಲ. ಹೊಡೆಯುವಾಗ ಹೋಸ್ ಪೈಪ್ ವಿಪರೀತ ಕುಣಿದರೆ ಬ್ರೇಕರ್ ಒಳಗೆ ತುಂಬಿದ ನೈಟ್ರೋಜನ್ ಗ್ಯಾಸ್ ಇಳಿದಿರುವ ಸಾಧ್ಯತೆ ಹೆಚ್ಚು. ಬಾಡಿಗೆ ಗಂಟೆ ಲೆಕ್ಕದ್ದು, ಕೆಲಸ ಸಾಗದಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ.

ಆಪರೇಟರ್ ಕೈಯನ್ನೂ ನೋಡಿ. ಚಿಸೆಲ್ ನೆಟ್ಟಗೆ, 90 ಡಿಗ್ರಿಗೆ ನಿಲ್ಲಬೇಕು. ಒಂದೇ ಜಾಗದಲ್ಲಿ 15ರಿಂದ 30 ಸೆಕೆಂಡ್ ಹೊಡೆದರೂ ಬಿರಿಯದಿದ್ದರೆ ಅಂಚಿನ ಕಡೆಗೆ ಸರಿಯಬೇಕು. ಅಲ್ಲೇ ಕುಟ್ಟುತ್ತಾ ಕೂತರೆ ಚಿಸೆಲ್ ಕಾದು ತುದಿ ಮೆತ್ತಗಾಗುತ್ತದೆ. ಕಲ್ಲು ಒಡೆದ ಮೇಲೂ ಗಾಳಿಯಲ್ಲಿ ಬಡಿಯುವುದು, ಚಿಸೆಲ್ಲನ್ನೇ ಹಾರೆ ಮಾಡಿಕೊಂಡು ಮೀಟುವುದು, ಇವೆರಡೂ ಚಿಸೆಲ್ಲನ್ನು ಹಿಡಿದಿಡುವ ರಿಟೇನರ್ ಪಿನ್ ಮತ್ತು ಬ್ರೇಕರನ್ನು ಬಿಗಿದಿರುವ ಥ್ರೂ ಬೋಲ್ಟ್ ಮುರಿಯುವ ದಾರಿ. ನಮಗೆ ಬಂದ ಹುಡುಗ ಹೊಡೆಯುವುದರಲ್ಲಿ ಪಳಗಿದವನು, ಗ್ರೀಸ್ ವಿಷಯದಲ್ಲಿ ಮಾತ್ರ ಸೋಮಾರಿ. ಎರಡು ಗಂಟೆಗೊಮ್ಮೆ ಗ್ರೀಸ್ ಬೇಕೇ ಬೇಕು, ಅದೂ ಚಿಸೆಲ್ಲನ್ನು ನೆಲಕ್ಕೆ ಒತ್ತಿ ಒಳಗೆ ಕೂರಿಸಿ. ತೂಗುಬಿಟ್ಟು ತುಂಬಿದರೆ ಗ್ರೀಸ್ ಪಿಸ್ಟನ್ ಕೆಳಗೆ ಸೇರಿ ಸೀಲ್ ಹೊಡೆದುಹೋಗುತ್ತದೆ. ಇಲ್ಲಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಹೈಡ್ರಾಲಿಕ್ ಆಯಿಲ್ 80 ಡಿಗ್ರಿ ಮುಟ್ಟಲು ಹೊತ್ತು ಬೇಕಿಲ್ಲ. ಬೆಳಗ್ಗೆ ಬೇಗ ಶುರು ಮಾಡಿಸಿ.

ಪಕ್ಕದ ಮನೆಗೆ ಗೋಡೆ ಅಂಟಿಕೊಂಡಿದ್ದರೆ ಮೊದಲು ಕಟರ್‌ನಿಂದ ಸ್ಲ್ಯಾಬ್ ಸೀಳಿ ಬೇರೆ ಮಾಡಿಸಿ. ಅಂಚಿನ ಎರಡಡಿ ಕೈ ಹ್ಯಾಮರಿಗೆ ಬಿಡಿ. ಅದುರು ಸಾಗಿ ಅವರ ಗೋಡೆ ಬಿರುಕು ಬಿಟ್ಟರೆ ಯಾರ್ಡಿನವರು ಫೋನೇ ಎತ್ತುವುದಿಲ್ಲ.

ನಾವು ಕೊಡುವ ಅಂಕ: ಮಷೀನಿಗೆ 5ಕ್ಕೆ 4, ಬಿಲ್ಲಿಂಗಿಗೆ 2. ಬಕೆಟ್ ಕಳಚಿ ಬ್ರೇಕರ್ ಕೂಡಿಸಿದ ಹೊತ್ತನ್ನೂ ಗಂಟೆಗೆ ಸೇರಿಸಿದ್ದರು. ಸ್ಲ್ಯಾಬಿನಿಂದ ಬಿದ್ದ ಕಬ್ಬಿಣ ಯಾರಿಗೆ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ, ಗುಜರಿಯವನು ಬಂದು ನಿಂತ ಮೇಲೆ ಅಲ್ಲ.